ಅರ್ಧಕ್ಕೆ ನಿಲ್ಲುತ್ತಿದ್ದ ಹಾಡು

ಇವತ್ತು ಸಂಜೆಗೆ ‘ಪ’ ಮುಗಿಯಿತು. ನಾಳೆ ‘ಬ’.

ಮಡಕಶಿರಾದ ನನ್ನ ಬಾಡಿಗೆ ಕೋಣೆಯಲ್ಲಿ ಜೀನ್ಸ್ ಪ್ಯಾಂಟು ತುಂಬಿ ಕಳಿಸುವಂಥ ಎರಡು ರಟ್ಟಿನ ಪೆಟ್ಟಿಗೆಗಳಿವೆ. ಅವುಗಳ ತುಂಬ ಕ್ಯಾಸೆಟ್ಟುಗಳು. ಕಾಲೇಜಿನಿಂದ ಬಂದು, ಮುಖ ತೊಳೆದು, ದೀಪ ಹಾಕಿದ ಮೇಲೆ ದಿನಕ್ಕೊಂದರಂತೆ ಕೇಳುತ್ತೇನೆ. ಇಷ್ಟವಾದದ್ದನ್ನು ಆರಿಸುವುದಿಲ್ಲ, ಬೇಸರವಾದದ್ದನ್ನು ದಾಟಿಸುವುದಿಲ್ಲ. ಅಕ್ಷರಮಾಲೆ ಹೇಗೆ ಹೋಗುತ್ತದೋ ಹಾಗೆ. ಇದು ಎರಡನೆಯ ಸುತ್ತು. ಕ್ಯಾಸೆಟ್ಟುಗಳು ನನ್ನವಲ್ಲ, ಈ ಕ್ರಮವೂ ನನ್ನದಲ್ಲ. ಎರಡೂ ರಾಯದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಟಿಂಗ್ ಮಾಸ್ಟರದು. ಅವರು ಈ ವರ್ಷ ಬೇಸಿಗೆಗೆ ಮುಂಚೆ ತೀರಿಕೊಂಡರು.

ನಮ್ಮ ಓಣಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಹೊಲಿಗೆಯ ಹೆಂಗಸರಿಗೆ, ಸಾಹುಕಾರರಿಗೆ, ಹಾಲಿನವನಿಗೆ, ಎಲ್ಲರಿಗೂ ಅವರು ಮಾಸ್ಟರ್. ನಾನೂ ಹಾಗೆಯೇ ಬರೆಯುತ್ತೇನೆ.

ಜೀನ್ಸ್ ಬಟ್ಟೆಯನ್ನು ಉದ್ದನೆಯ ಮೇಜಿನ ಮೇಲೆ ಪದರ ಪದರವಾಗಿ ಹಾಸಿ, ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಮ್ಮೆಗೇ ಕತ್ತರಿಸುವುದು ಅವರ ಕೆಲಸ. ಕತ್ತರಿಸುವ ಯಂತ್ರ ಹಚ್ಚುವ ಮುಂಚೆ ಬಟ್ಟೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ. ಬಟ್ಟೆಯ ನೀಲಿ ಅವರ ಉಗುರುಗಳ ಸಂದಿಯಲ್ಲಿ ಕೂತುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಈಗ ನನ್ನ ಹತ್ತಿರ ಇರುವ ಅವರ ಟೇಪ್ ರೆಕಾರ್ಡರಿನ ಒಂದು ಗುಂಡಿಯ ಮೇಲೂ ಆ ನೀಲಿ ಇದೆ.

ಅವರ ಊರು ಈ ಮಡಕಶಿರಾದ ಪಕ್ಕದ ಗುಡಿಬಂಡೆ ಕಡೆ, ಆಂಧ್ರದ ಗಡಿಸೀಮೆ. ರಾಯದುರ್ಗಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತು ಬದಲಾಗಿರಲಿಲ್ಲ. ಹೊಲಿಗೆಯ ಹೆಂಗಸರಿಗೆ ಅದೊಂದು ಮೋಜು.

“ಮಾಸ್ಟರ್, ನಿಮ್ಮ ಕಡಿ ಮಂದಿ ಜಗಳ ಆಡಿದ್ರೂ ಕೂಸು ಮಲಗಿಸಿದಂಗ ಕೇಳ್ತೈತ್ರಿ,” ಎನ್ನುವರು.

“ನಿಮ್ ಕಡೆಯೋರು ಉಣ್ಣಾಕೆ ಕರುದ್ರೂ ಬೈದಂಗಿರ್ತೈತಲ್ಲಮ್ಮ,” ಎಂದು ಅವರು ತಲೆ ಎತ್ತದೆಯೇ ಹೇಳುವರು.

ಮಾಸ್ಟರ್ ಇದ್ದ ಜೀನ್ಸ್ ಘಟಕದಲ್ಲೇ ನಮ್ಮಮ್ಮ ಜೇಬು ಕೂಡಿಸುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಅವಳ ಪಕ್ಕದಲ್ಲಿ ಕೂತು ಹೊಲಿದ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುತ್ತಿದ್ದೆ. ನಾನು ಮಾತು ಕಡಿಮೆ ಆಡುವವಳು ಎಂದು ಎಲ್ಲರೂ ಮಾತಾಡಿಸಲು ನೋಡುತ್ತಿದ್ದರು. ಮಾಸ್ಟರ್ ಮಾತ್ರ ಹಾಗೆ ಮಾಡಲಿಲ್ಲ. ಹತ್ತನೆಯ ತರಗತಿಯಲ್ಲಿ ನನಗೆ ಒಳ್ಳೆಯ ಅಂಕ ಬಂದ ದಿನ ಎಲ್ಲರೂ ಸಿಹಿ ತಿಂದು ಏನೇನೋ ಅಂದರು. ಮಾಸ್ಟರ್ ನನ್ನ ಕತ್ತರಿಯನ್ನು ಕೇಳದೆ ಎತ್ತಿಕೊಂಡು ಹೋಗಿ, ಸಾಣೆ ಹಿಡಿದು, ತಂದು ಅದೇ ಜಾಗದಲ್ಲಿಟ್ಟರು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಆ ಬದಿಯಲ್ಲಿ ಹಲಗೆಯ ಮೇಲೆ ಅವರ ಟೇಪ್ ರೆಕಾರ್ಡರ್. ಈ ಬದಿಯಲ್ಲಿ ನಾನು ಓದಲು ಕೂರುತ್ತಿದ್ದ ಚಾಪೆ. ನಾನು ಓದಿದ್ದೆಲ್ಲ ಅವರ ಹಾಡಿನ ಜೊತೆಗೇ. ಸಂಜೆ ದೀಪ ಹತ್ತುತ್ತಿದ್ದಂತೆ ಗುಂಡಿ ಒತ್ತಿದ ‘ಟಕ್’ ಎಂಬ ಸದ್ದು, ಸ್ವಲ್ಪ ಹೊತ್ತು ಬರೀ ಸರಸರ, ಆಮೇಲೆ ಹಾಡು. ಸಿನಿಮಾದ್ದು, ದೇವರದ್ದು, ನಾಟಕದ್ದು, ಕನ್ನಡದ್ದು, ತೆಲುಗಿನದ್ದು, ಎಲ್ಲ ಕಲಸಿ. ನನಗೆ ಬುದ್ಧಿ ಬಂದ ಮೇಲೆ, ಅದು ಕಲಸಿದ್ದಲ್ಲ, ಸಾಲಾಗಿ ಜೋಡಿಸಿದ್ದು ಎಂದು ತಿಳಿಯಿತು.

ಜೋಡಿಸಿದ್ದು ಅವರು ಮತ್ತು ಅವರ ಹೆಂಡತಿ. ಇಬ್ಬರೂ ಒಂದೇ ಸೀಮೆಯವರು, ಮಾತಿಗೆ ಎರಡೂ ಭಾಷೆ ಬರುತ್ತಿತ್ತು. ಆದರೆ ಶಾಲೆಯಲ್ಲಿ ಮಾಸ್ಟರ್ ಓದಿದ್ದು ಕನ್ನಡ, ಆಕೆ ಓದಿದ್ದು ತೆಲುಗು. ಆದ್ದರಿಂದ ಪ್ರತಿ ಕ್ಯಾಸೆಟ್ಟಿನ ಬೆನ್ನಿಗೂ ಎರಡು ಬರಹ: ಮೇಲೆ ಮಾಸ್ಟರ ಕನ್ನಡ, ಕೆಳಗೆ ಆಕೆಯ ತೆಲುಗು. ಅಕ್ಷರಗಳ ಸಾಲು ಎರಡು ಭಾಷೆಗೂ ಒಂದೇ ಆದ್ದರಿಂದ ಮೊದಲ ಹಾಡಿನ ಮೊದಲ ಅಕ್ಷರ ನೋಡಿ ಇಟ್ಟರೆ ಕತ್ತಲಲ್ಲಿ ಹುಡುಕಿದರೂ ಇಬ್ಬರ ಕೈಗೂ ಸಿಗುತ್ತಿತ್ತು. ಮಾತೇ ಇಲ್ಲದ ಕ್ಯಾಸೆಟ್ ಒಂದು ಇತ್ತು, ಬರೀ ಓಲಗದ್ದು. ಅದಕ್ಕೆ ಅಕ್ಷರ ಯಾವುದು ಎಂದು ಇಬ್ಬರೂ ಜಗಳವಾಡಿ, ಕೊನೆಗೆ ‘ಹ’ ಆದಮೇಲೆ ಎಲ್ಲದರ ಹಿಂದೆ ಇಟ್ಟರಂತೆ.

ಮಕ್ಕಳಿರಲಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಕೆಲಸ ಸ್ವಲ್ಪ ಕುಂಟಿದ ಒಂದು ವರ್ಷ, ಮಡಕಶಿರಾ ಕಡೆಯ ಹೆಣ್ಣುಮಕ್ಕಳ ಒಂದು ಗುಂಪಿನ ಜೊತೆ ಆಕೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು. ಒಂದು ಕೋಣೆಯಲ್ಲಿ ನಾಲ್ಕೈದು ಜನ. ಫೋನು ಎಂದರೆ ಬೀದಿಯ ಅಂಗಡಿಯದು. ಮಾತಾಡುವಾಗ ಹಿಂದೆ ಸಾಲು ನಿಂತಿರುತ್ತಿತ್ತು. ಆಗ ಗಂಡ ಹೆಂಡತಿ ಒಂದು ಒಪ್ಪಂದ ಮಾಡಿಕೊಂಡರು. ರೆಕಾರ್ಡಿಂಗ್ ಅಂಗಡಿಯಲ್ಲಿ ಎಲ್ಲ ಕ್ಯಾಸೆಟ್ಟಿನದೂ ಇನ್ನೊಂದು ಪ್ರತಿ ಮಾಡಿಸಿ, ಒಂದು ಸಣ್ಣ ಟೇಪ್ ರೆಕಾರ್ಡರಿನ ಜೊತೆ ಆಕೆಯ ಟ್ರಂಕಿಗೆ ತುಂಬಿದರು. ದಿನಾ ಸಂಜೆ ದೀಪ ಹತ್ತಿದ ಮೇಲೆ ಇವರು ಇಲ್ಲಿ, ಆಕೆ ಅಲ್ಲಿ, ಒಂದೇ ಕ್ಯಾಸೆಟ್ ಕೇಳಬೇಕು. ‘ಅ’ದಿಂದ ಸುರು. ಯಾರೂ ಮುಂದೆ ಹೋಗಬಾರದು, ಯಾರೂ ಹಿಂದೆ ಉಳಿಯಬಾರದು. ಒಂದು ಸುತ್ತು ಮುಗಿಯಲು ತಿಂಗಳಿಗಿಂತ ಒಂದಿಷ್ಟು ಹೆಚ್ಚು ಬೇಕು; ಆಕೆಗೆ ರಜೆ ಸಿಗುವುದೂ ಹೆಚ್ಚು ಕಡಿಮೆ ಹಾಗೆಯೇ. ಓಲಗದ ಕ್ಯಾಸೆಟ್ಟಿನ ಸಂಜೆ ಆಕೆ ಅಲ್ಲಿ ಕೇಳುವುದಿಲ್ಲ, ಬಸ್ಸು ಇಳಿದು ಇಲ್ಲಿಗೇ ಬರುತ್ತಾರೆ.

ನಾನಾಗ ಚಿಕ್ಕವಳು. ಆಕೆಯ ಮುಖ ಸರಿಯಾಗಿ ನೆನಪಿಲ್ಲ. ಆ ಸಂಜೆಗಳು ನೆನಪಿವೆ. ಮಾಸ್ಟರ್ ಬೇಗ ಬಂದು ಮುಂಬಾಗಿಲು ಗುಡಿಸಿ, ನೀರು ಚಿಮುಕಿಸಿ, ಪ್ರಯಾಣ ಮಾಡಿ ಬರುವವರಿಗೆ ಕಾಲಿಗೆಂದು ಹಿತ್ತಾಳೆ ಚೆಂಬಿನಲ್ಲಿ ನೀರು ತುಂಬಿ ಹೊಸ್ತಿಲ ಪಕ್ಕ ಇಡುತ್ತಿದ್ದರು. ಓಲಗವನ್ನು ಓಣಿಯ ತಿರುವಿನವರೆಗೂ ಕೇಳುವ ಹಾಗೆ ಜೋರಾಗಿ ಹಚ್ಚುತ್ತಿದ್ದರು. ಆಕೆ ತಿರುವಿನಲ್ಲಿ ಕಾಣುತ್ತಿದ್ದಂತೆ ಹೆಂಗಸರು ಬಾಗಿಲುಗಳಲ್ಲಿ ನಿಂತು, “ಮದುಮಗಳು ಬಂದ್ಲು ನೋಡ್ರೇ, ಆರತಿ ತರ್ರಿ,” ಎಂದು ಕಾಡುತ್ತಿದ್ದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಚೀಲ ಕೆಳಗಿಟ್ಟು, ಚೆಂಬಿನ ನೀರನ್ನು ಕಾಲಿಗೆ ಸುರಿದುಕೊಳ್ಳುತ್ತಿದ್ದರು. ಒದ್ದೆ ಹೆಜ್ಜೆಗಳು ಒಳಗೆ ಹೋಗುತ್ತಿದ್ದವು. ಅಷ್ಟು ನೆನಪಿದೆ.

ಒಂದು ಸುತ್ತಿನ ನಡುವೆ ಆಕೆಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದು ಮಾಸ್ಟರ್ ಬಸ್ಸು ಹತ್ತಿ ಹೋಗುವಷ್ಟರಲ್ಲಿ ಮುಗಿದಿತ್ತು. ಕೆಲವು ದಿನಗಳ ಮೇಲೆ ಆಕೆಯ ಕೋಣೆಯಲ್ಲಿದ್ದ ಹುಡುಗಿಯೊಬ್ಬಳು ಟ್ರಂಕು, ಬಟ್ಟೆ, ಟೇಪ್ ರೆಕಾರ್ಡರ್ ತಂದುಕೊಟ್ಟು, ಅಳುತ್ತಲೇ ಹೊರಟುಹೋದಳು. ಆ ಟೇಪ್ ರೆಕಾರ್ಡರಿನ ಒಳಗೆ ಒಂದು ಕ್ಯಾಸೆಟ್ ಇತ್ತು. ಅರ್ಧ ಓಡಿ ನಿಂತದ್ದು.

ಆಕೆ ಆಸ್ಪತ್ರೆ ಸೇರಿದ ಸಂಜೆ ಮಾಸ್ಟರ್ ಕೇಳುತ್ತಿದ್ದದ್ದು ‘ನ’. ಆಕೆಯ ಟೇಪಿನೊಳಗೆ ಇದ್ದದ್ದು ‘ಸ’.

ಈ ಸಂಗತಿ ಓಣಿಗೆಲ್ಲ ಗೊತ್ತಾಯಿತು. ಮಾಸ್ಟರ್ ಯಾರಿಗೂ ಹೇಳಿಕೊಂಡವರಲ್ಲ. ಸಾಮಾನು ಬಿಚ್ಚುವಾಗ ಹೆಂಗಸರು ಸುತ್ತ ಕೂತಿದ್ದರು. ಆಮೇಲೆ ಬಹಳ ದಿನ ಅದೇ ಮಾತು.

“ಗಂಡನ್ನ ಇಲ್ಲೇ ಬಿಟ್ಟು ತಾನೊಬ್ಬಾಕಿನೇ ಕೇಳ್ಕಂತ ಮುಂದ ಹೋಗ್ಯಾಳ,” ಎಂದಳು ಗುಂಡಿ ಕೂಡಿಸುವ ಒಬ್ಬಾಕೆ. “ಇಷ್ಟಾದದ್ದು ಹಾಕ್ಕೊಂಡು ಕುಂತಿರ್ತಾಳ. ಬೆಂಗಳೂರು ನೋಡ್ರಿ ಅದು.”

“ಯಾಕ ಹಂಗ ಅಂತಿ?” ಎಂದಳು ನಮ್ಮಮ್ಮ. “ದಿನಕ್ಕ ಎರಡೆರಡು ಕೇಳಿ ಮುಗಿಸಿರ್ತಾಳ. ಲಗೂನ ಮನಿಗೆ ಬರಾಕ.”

ಮಾಸ್ಟರ್ ಎರಡನ್ನೂ ಕೇಳಿಸಿಕೊಂಡರು.

ಆಕೆಯ ಟೇಪಿನಲ್ಲಿದ್ದ ಕ್ಯಾಸೆಟ್ಟನ್ನು ಒಂದೇ ಒಂದು ಸಲ ಹಚ್ಚಿ, ಯಾವ ಹಾಡಿನ ಯಾವ ಸಾಲಿನಲ್ಲಿ ನಿಂತಿದೆ ಎಂದು ಕೇಳಿಕೊಂಡರು. ಆಮೇಲೆ ಆಕೆಯ ಪ್ರತಿಗಳನ್ನೆಲ್ಲ ಟ್ರಂಕಿನಲ್ಲೇ ಇಟ್ಟು ಮುಚ್ಚಿದರು. ತಿಂಗಳು ಕಳೆದ ಮೇಲೆ ತಮ್ಮ ಪ್ರತಿಗಳನ್ನು ಮತ್ತೆ ‘ಅ’ದಿಂದ ಸುರು ಮಾಡಿದರು. ‘ಸ’ಕ್ಕೆ ಬಂದು, ಆ ಹಾಡು ಬಂದು, ಆ ಸಾಲು ಬಂದಾಗ ಗುಂಡಿ ಒತ್ತಿ ನಿಲ್ಲಿಸಿದರು. ಮರುದಿನ ‘ಅ’.

ಅಲ್ಲಿಂದ ಮುಂದೆ ನಾನು ಬೆಳೆದದ್ದೆಲ್ಲ ಆ ನಿಲುಗಡೆಯ ಪಕ್ಕದಲ್ಲಿ. ಪ್ರತಿ ಸುತ್ತಿನಲ್ಲೂ ಹೆಣ್ಣುದನಿಯ ಒಂದು ತೆಲುಗು ಹಾಡು ಮೇಲಕ್ಕೆ ಏರಿ, ಮುಂದಿನ ಮಾತಿಗೆ ಉಸಿರು ತೆಗೆದುಕೊಳ್ಳುವುದು, ಟಕ್. ಗೋಡೆಯ ಆಚೆ ಏನೂ ಇಲ್ಲ. ಕೆಮ್ಮಿಲ್ಲ, ಪಾತ್ರೆಯ ಸದ್ದಿಲ್ಲ. ಉಳಿದ ದಿನ ಹಾಡು ಮುಗಿದರೆ ಮನೆ ಸುಮ್ಮನಾಗುತ್ತಿತ್ತು ಅಷ್ಟೆ. ಆ ದಿನ ಮಾತ್ರ ಯಾರೋ ಒಳಗೆ ಬಂದು ನಿಂತ ಹಾಗೆ, ಅವರು ಏನೋ ಹೇಳಲೆಂದು ಮನೆ ಕಾಯುತ್ತಿರುವ ಹಾಗೆ ಇರುತ್ತಿತ್ತು. ನಾನು ಪುಸ್ತಕದ ಪುಟ ತಿರುಗಿಸುತ್ತಿರಲಿಲ್ಲ. ಅಮ್ಮ ಒಲೆಯ ಮುಂದೆ ಸೌಟು ಹಿಡಿದು ಹಾಗೇ ಇರುತ್ತಿದ್ದಳು. ಆ ಹಾಡಿನ ಉಳಿದ ಭಾಗ ನನಗೆ ಕನಸಿನಲ್ಲಿ ಬಂದದ್ದುಂಟು. ಎದ್ದ ಮೇಲೆ ಒಂದು ಮಾತೂ ನೆನಪಿರುತ್ತಿರಲಿಲ್ಲ.

‘ಸ’ದ ಉಳಿದ ಕ್ಯಾಸೆಟ್ಟುಗಳು, ‘ಹ’, ಕೊನೆಯ ಓಲಗ, ಇವು ಹಲಗೆಯ ತುದಿಯಲ್ಲಿ ಹಾಗೆಯೇ ಕೂತಿದ್ದವು. ವಾರಕ್ಕೊಮ್ಮೆ ಧೂಳು ಒರೆಸುತ್ತಿದ್ದರು. ಹಚ್ಚುತ್ತಿರಲಿಲ್ಲ.

ಒಮ್ಮೆ ನಮ್ಮ ಎದುರು ಮನೆಯಲ್ಲಿ ಮದುವೆ. ಹೇಳಿದ ಓಲಗದವರು ಬರಲಿಲ್ಲ. ಮದುವೆ ಮನೆಯ ಯಜಮಾನಿ ಮಾಸ್ಟರ ಬಾಗಿಲಿಗೆ ಬಂದು ನಿಂತಳು.

“ಮಾಸ್ಟರ್, ಆ ಓಲಗದ್ದೊಂದು ಕೊಡ್ರಿ, ಮೈಕಿಗೆ ಹಚ್ಚಿಸ್ತೀನಿ.”

“ಅದರ ಸರದಿ ಬಂದಿಲ್ಲಮ್ಮ.”

“ಸರದಿ ಯಾವಾಗ ಬರ್ತೈತ್ರಿ?”

ಮಾಸ್ಟರ್ ಹಲಗೆಯನ್ನು ನೋಡಿದರು.

“ನಿಮ್ಮ ಸರದಿ ಬರೂದ್ರಾಗ ನನ್ನ ಮಗಳ ಮಗಳ ಮದುವಿ ಬರ್ತೈತಿ ಬಿಡ್ರಿ,” ಎಂದು ಆಕೆ ಸಿಟ್ಟಿನಲ್ಲಿ ಹೋದಳು. ಮದುವೆಗೆ ಮಾಸ್ಟರ್ ಹೋಗಿ, ಪಂಕ್ತಿಯಲ್ಲಿ ನೀರು ಬಡಿಸಿ, ಊಟ ಮಾಡದೆ ಬಂದರು.

ನಾನು ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ ಕ್ಯಾಸೆಟ್ಟುಗಳ ಮೇಲಿನ ಬರಹ ಮಾಸಿತ್ತು. ಅವುಗಳನ್ನು ತಿದ್ದಿ ಬರೆದುಕೊಡಲು ನನ್ನನ್ನು ಕರೆದರು. ನಾನು ಕನ್ನಡದ ಸಾಲನ್ನು ಬರೆದೆ. ತೆಲುಗಿನ ಸಾಲಿಗೆ ಪೆನ್ನು ಇಟ್ಟಾಗ, “ಅದು ಬ್ಯಾಡ ಬಿಡಮ್ಮ, ಕಾಣ್ದಿದ್ರೂ ಇರ್ಲಿ,” ಎಂದರು. ಆ ಮಧ್ಯಾಹ್ನ, ನಾನು ಕೇಳದೆಯೇ, ಆ ವಿಷಯದ ಬಗ್ಗೆ ಒಂದು ಮಾತು ಆಡಿದರು. ಅದೊಂದೇ ಸಲ.

“ನಾನು ‘ನ’ದಾಗೇ ಇದ್ದೆ. ಅವಳು ಮುಂದಕ್ಕೋಗಿಬಿಟ್ಟಿದ್ಲು ಕಣಮ್ಮ. ಯಾವತ್ತಿಂದ ಬೇರೆ ಬೇರೆ ಆದ್ವೋ ಅದು ತಿಳೀಲಿಲ್ಲ. ನಾನಿಲ್ಲಿ ಜೊತೆಗವ್ಳೆ ಅಂದ್ಕೊಂಡು ಕೇಳ್ತಿದ್ದೆ. ಎಷ್ಟು ದಿನ ಒಬ್ನೇ ಕೇಳಿದ್ನೋ.”

“ಆ ಹುಡುಗಿಯನ್ನು ಕೇಳಬಹುದಿತ್ತಲ್ಲ,” ಎಂದೆ.

“ಅಳ್ತಿತ್ತು. ಕೇಳಾಕಾಗ್ತದಾ.” ಇನ್ನೊಂದು ಡಬ್ಬಿಯನ್ನು ನನ್ನ ಕಡೆ ಸರಿಸಿ, “ಕೇಳಿದ್ರೆ ಏನಂದಾಳೋ ಅಂತಾನೂ ಇತ್ತು,” ಎಂದರು.

ಅವರ ಬದುಕಿನಲ್ಲಿ ಉಳಿದಿದ್ದ ಪ್ರಶ್ನೆ ಅಷ್ಟೇ ಎಂದು ನನಗೆ ಅಂದು ಅರ್ಥವಾಯಿತು. ಆಕೆ ಕೊನೆಯವರೆಗೂ ಜೊತೆಯಲ್ಲಿ ಕೇಳುತ್ತಿದ್ದರೋ ಇಲ್ಲವೋ.

ಅನಂತಪುರದಲ್ಲಿ ಎಂ.ಎ. ಮುಗಿಸಿ ನಾನು ಮಡಕಶಿರಾದ ಒಂದು ಜೂನಿಯರ್ ಕಾಲೇಜಿಗೆ ಪಾಠ ಹೇಳಲು ಬಂದೆ. ಇಲ್ಲಿ ಎಲ್ಲರೂ ಮಾಸ್ಟರ ಹಾಗೆ ಮಾತಾಡುತ್ತಾರೆ. ಮೊದಲ ದಿನಗಳಲ್ಲಿ ತರಕಾರಿ ಕೊಳ್ಳುವಾಗ ಬೆನ್ನ ಹಿಂದೆ ಅವರೇ ನಿಂತಂತಾಗಿ ತಿರುಗಿ ನೋಡುತ್ತಿದ್ದೆ. ಕಳೆದ ವರ್ಷಕ್ಕೆ ಹಿಂದಿನ ವರ್ಷ, ತರಗತಿಗೆ ಸರಿಯಾಗಿ ಬಾರದ ಒಬ್ಬ ಹುಡುಗಿಯ ತಾಯಿಯನ್ನು ಕರೆಸಿದ್ದೆ. ಅಮರಾಪುರದ ಹತ್ತಿರದ ಹಳ್ಳಿಯ ನಾಗವೇಣಿ ಎಂಬಾಕೆ. ಮನೆಯಲ್ಲಿ ಕುರಿ ಸಾಕಿಕೊಂಡು, ರವಿಕೆ ಹೊಲಿದುಕೊಂಡು ಇದ್ದವರು. ಮಗಳ ಮಾತೆಲ್ಲ ಮುಗಿದ ಮೇಲೆ, “ಮೇಡಂದು ಯಾವೂರು?” ಎಂದರು. ರಾಯದುರ್ಗ ಎಂದೆ.

“ಅಲ್ಲೊಬ್ರು ಕಟಿಂಗ್ ಮಾಸ್ಟ್ರು ಇದ್ರು. ಅವರ ಮನೆಯಾಕೇನ ಅಕ್ಕ ಅಂತಿದ್ವಿ, ಬೆಂಗಳೂರಾಗೆ ಒಂದೇ ರೂಮಲ್ಲಿದ್ವಿ. ಅಕ್ಕ ಹೋದ ಮೇಲೆ ಸಾಮಾನು ನಾನೇ ತಗೊಂಡೋಗಿ ಕೊಟ್ಟಿದ್ದೆ.”

ನಾನು ಯಾರು ಎಂದು ಹೇಳಿ, ನಿಧಾನವಾಗಿ, ಟೇಪಿನೊಳಗಿದ್ದ ಕ್ಯಾಸೆಟ್ಟಿನ ಬಗ್ಗೆ ಕೇಳಿದೆ.

“ಅಯ್ಯೋ, ಅದು ನಾನು ಹಾಕಿದ್ದು ಮೇಡಂ,” ಎಂದರು ನಾಗವೇಣಿ. “ಸಾಮಾನು ಕಟ್ಟೋ ದಿನ ಆ ರೂಮಲ್ಲಿ ಒಬ್ಳೇ ಇರಾಕಾಗ್ಲಿಲ್ಲ. ಏನಾದ್ರೂ ಸದ್ದಿರ್ಲಿ ಅಂತ ಕೈಗೆ ಸಿಕ್ಕಿದ್ದು ಹಾಕ್ದೆ. ಅರ್ಧಕ್ಕೇ ಆಟೋದವನು ಹಾರನ್ ಹೊಡ್ದ. ನಿಲ್ಸಿ ಹಂಗೇ ಕಟ್ಬಿಟ್ಟೆ.”

“ಹಾಗಾದರೆ ಅಕ್ಕ ಕೇಳುತ್ತಿದ್ದದ್ದು?”

“ಅಕ್ಕಂದು ‘ನ’ ನಡೀತಿತ್ತು. ಅದು ಮರ್ಯಾಕಾಗಲ್ಲ. ನಂದು ನಾಗವೇಣಿ ಅಲ್ವಾ, ‘ಅಕ್ಕ, ಈ ವಾರ ನನ್ ವಾರ, ನನ್ನೇ ಹಾಡಿಸ್ತಿದೀಯ’ ಅಂತ ದಿನಾ ರೇಗಿಸ್ತಿದ್ದೆ. ಆಸ್ಪತ್ರೆಗೆ ಹೊರಟಾಗ ಅಕ್ಕ ಅದನ್ನ ತೆಗೆದು ಡಬ್ಬಿಗೆ ಹಾಕಿ ಟ್ರಂಕಲ್ಲಿ ಇಟ್ಲು. ‘ಅರ್ಧ ಕೇಳಿದೀನಿ, ಬಂದು ಇಲ್ಲಿಂದ ಕೇಳ್ತೀನಿ, ಯಾರೂ ತಿರುಗಿಸ್ಬ್ಯಾಡ್ರೇ’ ಅಂದ್ಲು. ಯಾಕೆ ಮೇಡಂ, ಏನಾದ್ರೂ ತಪ್ಪಾಯ್ತಾ?”

ಏನೂ ಇಲ್ಲ ಎಂದೆ. ಆಕೆ ಮಗಳನ್ನು ಕರೆದುಕೊಂಡು ಬಸ್ಸಿಗೆ ಹೋದರು. ಆ ಶನಿವಾರ ನಾನು ರಾಯದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸುತ್ತ ಹೋದೆ. ಜೋಡಿಸಿದ್ದು ಯಾವುದೂ ಕೆಲಸಕ್ಕೆ ಬರಲಿಲ್ಲ.

ಮಾಸ್ಟರ್ ಆಗ ಕೆಲಸ ಬಿಟ್ಟಿದ್ದರು. ಕಣ್ಣು ಮಂಜಾಗಿತ್ತು. ಹೊಸ್ತಿಲ ಮೇಲೆ ಕೂತು ನನ್ನ ಮಾತನ್ನು ಕೊನೆಯವರೆಗೂ ಕೇಳಿದರು. ನಾನು ಮುಗಿಸಿದ ಮೇಲೆ ಕೇಳಿದ್ದು ಇಷ್ಟೇ:

“ಆಟೋದವನು ಹಾರನ್ ಹೊಡ್ದ ಅಂದ್ಲಾ?”

“ಹೌದು.”

“ಅದಕ್ಕೆ ನಿಲ್ಸಿದ್ದು.” ಅವರು ತಲೆಯಾಡಿಸಿದರು. ನಗುತ್ತಿದ್ದರೋ ಏನೋ, ಭುಜ ಅಲುಗಿತು. “ನೋಡಮ್ಮ, ಇಷ್ಟು ವರ್ಷ ಒಬ್ಬ ಆಟೋದವನ ಹಾರನ್ನಿಗೆ ನಿಲ್ಸಿಕೊಂಡು ಕುಂತಿದ್ದೆ.”

ಆಮೇಲೆ ಎದ್ದು ಒಳಗೆ ಹೋಗಿ ಟ್ರಂಕನ್ನು ಎಳೆದರು. ಮುಚ್ಚಳ ತೆರೆಯಲು ನಾನು ಕೈ ಕೊಟ್ಟೆ. ಆಕೆಯ ಪ್ರತಿಗಳು, ಬರೀ ತೆಲುಗಿನ ಬರಹದವು, ಸಾಲು ತಪ್ಪದೆ ಇದ್ದವು. ಕೇಳಿದ ಮೇಲೆ ಮೊದಲಿಗೆ ಸುತ್ತಿಯೇ ಡಬ್ಬಿಗೆ ಹಾಕುವುದು ಇಬ್ಬರಿಗೂ ಇದ್ದ ರೂಢಿ. ಮಾಸ್ಟರಿಗೆ ಕಾಣಿಸುತ್ತಿರಲಿಲ್ಲ, ನಾನು ಒಂದೊಂದೇ ಡಬ್ಬಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ‘ತ’ ಸುತ್ತಿತ್ತು. ‘ದ’ ಸುತ್ತಿತ್ತು. ‘ನ’ದ ಒಂದು ಕ್ಯಾಸೆಟ್ಟಿನಲ್ಲಿ ಎರಡು ಚಕ್ರಕ್ಕೂ ಟೇಪು ಸಮವಾಗಿ ಹಂಚಿಕೊಂಡಿತ್ತು.

“ಅರ್ಧಕ್ಕಿದೆ,” ಎಂದೆ.

ಅವರು ಕೈ ಚಾಚಿದರು. ಕೊಟ್ಟೆ. ಬಟ್ಟೆಯ ಮೇಲೆ ಇಡುತ್ತಿದ್ದ ಹಾಗೆ ಅದರ ಮೇಲೆ ಅಂಗೈಯಿಟ್ಟುಕೊಂಡು ನಿಂತರು. ಹಚ್ಚಿ ಕೇಳುವಿರಾ ಎಂದು ಕೇಳಿದೆ.

“ಬ್ಯಾಡ. ಯಾರೂ ತಿರುಗಿಸ್ಬ್ಯಾಡಿ ಅಂದವ್ಳಲ್ಲ.” ಹಿಂದಕ್ಕೆ ಕೊಟ್ಟರು. “ಇದ್ದ ಜಾಗದಾಗೆ ಇಡಮ್ಮ. ದೀಪದ ಹೊತ್ತಾಯ್ತು, ಇವತ್ತು ‘ಚ’.”

ಅಂಥ ದಿನವೂ ಅವರು ‘ಚ’ವನ್ನೇ ಕೇಳಿದರು.

‘ಸ’ ಬರುವಷ್ಟರಲ್ಲಿ ನನಗೆ ದಸರಾ ರಜೆ. ಮನೆಗೆ ಬಂದಿದ್ದೆ. ಅಮ್ಮನಿಗೆ ಎಲ್ಲ ಹೇಳಿದ್ದೆ. ಅಮ್ಮ ಓಣಿಗೆಲ್ಲ ಹೇಳಿದ್ದಳು. ಆ ಸಂಜೆ ಯಾರೂ ಕರೆಯದೆ ಹೆಂಗಸರು ನಮ್ಮ ಕಟ್ಟೆಯ ಮೇಲೆ ಬಂದು ಕೂತರು. ಹೆಣ್ಣುದನಿ ಮೇಲಕ್ಕೆ ಏರಿತು. ಉಸಿರು ತೆಗೆದುಕೊಂಡಿತು. ನಾನು ಗೋಡೆಗೆ ಒರಗಿದ್ದೆ. ಟಕ್ ಎನ್ನಲಿಲ್ಲ. ಹಾಡು ಮುಂದಕ್ಕೆ ಹೋಯಿತು.

ಮುಂದೆ ಅದರಲ್ಲಿ ಏನೂ ಇರಲಿಲ್ಲ. ಮೊದಲು ಹಾಡಿದ್ದ ಸಾಲನ್ನೇ ಮತ್ತೊಮ್ಮೆ ಹಾಡಿ, ಕೊಳಲು ಒಂದಿಷ್ಟು ಊದಿ, ಮುಗಿಯಿತು.

“ಇಷ್ಟ ಏನ್ರಿ ಮಾಸ್ಟರ್,” ಎಂದು ಗುಂಡಿ ಕೂಡಿಸುವಾಕೆ ಕಟ್ಟೆಯಿಂದಲೇ ಕೂಗಿದಳು. “ಇದಕ್ಕ ಇಷ್ಟು ವರ್ಷ ಕಾಯಿಸಿದ್ರಿ ನಮ್ಮನ್ನ?”

ಒಳಗಿನಿಂದ, “ಇಷ್ಟೇ ಕಣಮ್ಮ,” ಎಂದು ಕೇಳಿತು. ಎಲ್ಲರೂ ನಕ್ಕರು. ಅಮ್ಮ ನಗುತ್ತ ಕಣ್ಣು ಒರೆಸಿಕೊಂಡಳು.

ನಂತರದ ಕ್ಯಾಸೆಟ್ಟುಗಳು ವರ್ಷಗಟ್ಟಲೆ ಓಡದೆ ಅಂಟಿಕೊಂಡಿದ್ದವು. ಹಾಡುಗಳು ನೀರಿನೊಳಗಿನಿಂದ ಬಂದಂತೆ ಬಂದವು. ‘ಹ’ ಮುಗಿದ ಮರುದಿನ ಮಧ್ಯಾಹ್ನವೇ ಮಾಸ್ಟರ್ ಪೊರಕೆ ಹಿಡಿದು ಮುಂಬಾಗಿಲು ಗುಡಿಸುತ್ತಿದ್ದದ್ದು ಕಂಡಿತು. ಕಣ್ಣು ಕಾಣದೆ ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದರು. ನೀರು ಚಿಮುಕಿಸಿದರು. ಹಿತ್ತಾಳೆ ಚೆಂಬನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಅದರ ತುಂಬ ನೀರು ಹೊಸ್ತಿಲ ಪಕ್ಕ ಬಂದು ಕೂತಿತು. ಆಮೇಲೆ ಓಲಗ, ಓಣಿಯ ತಿರುವಿನವರೆಗೂ ಕೇಳುವ ಹಾಗೆ.

ಅದುವರೆಗೆ ನಾನು ಯೋಚಿಸದಿದ್ದದ್ದು ಆಗ ಹೊಳೆಯಿತು. ಸುತ್ತು ಮುಗಿದರೆ ಆಕೆ ಬರಬೇಕು, ಅದು ಒಪ್ಪಂದ. ಇಷ್ಟು ವರ್ಷ ಮಾಸ್ಟರ್ ಸುತ್ತು ಮುಗಿಯಲು ಬಿಟ್ಟಿರಲಿಲ್ಲ. ಸುತ್ತು ಮುಗಿಯದಿದ್ದರಿಂದ, ಆಕೆ ಬರಲಿಲ್ಲ ಎಂದೂ ಆಗಿರಲಿಲ್ಲ. ಈಗ ಆಕೆ ಜೊತೆಯಲ್ಲೇ ಇದ್ದರು ಎಂಬ ಸುದ್ದಿಯನ್ನು ನಾನು ತಂದಿದ್ದೆ, ಅದರ ಬೆನ್ನಿಗೆ ಈ ಸಂಜೆಯೂ ಬಂದಿತ್ತು.

ದೂರದ ಸ್ಟ್ಯಾಂಡಿನಲ್ಲಿ ಬಸ್ಸೊಂದು ಹಾರನ್ ಹೊಡೆಯಿತು. ನಾವೆಲ್ಲ, ಒಬ್ಬರ ಮುಖ ಒಬ್ಬರು ನೋಡದೆ, ತಿರುವಿನ ಕಡೆ ನೋಡಿದೆವು. ಒಂದು ನಾಯಿ ಬಂತು. ಸೈಕಲ್ಲಿನವನೊಬ್ಬ ಹೋದ. ಓಲಗ ಎರಡೂ ಬದಿ ಮುಗಿಯಿತು. ಅಮ್ಮ ತಟ್ಟೆಯಲ್ಲಿ ರೊಟ್ಟಿ ಪಲ್ಯ ಇಟ್ಟುಕೊಂಡು ಹೋಗಿ, “ಉಣ್ರಿ ಮಾಸ್ಟರ್,” ಎಂದಳು.

“ಸ್ವಲ್ಪ ತಡಿಯಮ್ಮ,” ಎಂದರು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಚೆಂಬಿನ ನೀರನ್ನು ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದರು. ನನ್ನ ಹೆಜ್ಜೆಯ ಸದ್ದಿಗೆ ತಿರುಗಿ, “ಇವತ್ತು ‘ಅ’ ಅಲ್ವೇನಮ್ಮ,” ಎಂದರು. ದನಿ ಎಂದಿನಂತೆಯೇ ಇತ್ತು.

ಆಮೇಲೆ ಪ್ರತಿ ಸುತ್ತಿನಲ್ಲೂ ಹಾಗೆಯೇ ನಡೆಯಿತು ಎಂದು ಅಮ್ಮ ಹೇಳುತ್ತಿದ್ದಳು. ಗುಡಿಸುವುದು, ನೀರು, ಚೆಂಬು, ಓಲಗ. ಓಣಿಗೆ ಅದು ರೂಢಿಯಾಯಿತು. ಆ ಸಂಜೆ ಮಕ್ಕಳು ಮಾಸ್ಟರ ಬಾಗಿಲ ಮುಂದೆ ಚೆಂಡಾಡುತ್ತಿರಲಿಲ್ಲ. ಚೆಂಬಿಗೆ ತಾಗೀತು ಎಂದು ದೊಡ್ಡವರು ಗದರುತ್ತಿದ್ದರು. ದುಃಖವೆಂದರೆ ದುಃಖ, ಆದರೆ ಅಮ್ಮ ಅದನ್ನು ಹಾಗೆ ಹೇಳುತ್ತಿರಲಿಲ್ಲ. “ಮಾಸ್ಟರಿಗೆ ಮೊನ್ನಿ ಓಲಗ ಆತು,” ಎನ್ನುತ್ತಿದ್ದಳು, ಹಬ್ಬ ಆಯಿತು ಎನ್ನುವ ಹಾಗೆ.

ಅವರು ತೀರಿಕೊಂಡಾಗ ಟೇಪಿನಲ್ಲಿ ‘ವ’ ಇತ್ತು. ಗುಡಿಬಂಡೆಯಿಂದ ಅವರ ತಮ್ಮನ ಮಗ ಬಂದು ಕರ್ಮ ಮುಗಿಸಿದರು. ಕತ್ತರಿಗಳನ್ನು ಅವರು ಒಯ್ದರು. “ಹಾಡಿನ ಡಬ್ಬಿ ಎಲ್ಲ ಪಕ್ಕದ ಮನೆ ಟೀಚರಮ್ಮಂಗೆ ಅಂದಿದ್ರಂತೆ ದೊಡ್ಡಪ್ಪ,” ಎಂದು ಪೆಟ್ಟಿಗೆಗಳನ್ನು ಮಡಕಶಿರಾದವರೆಗೂ ತಂದುಕೊಟ್ಟರು. ಒಂದರಲ್ಲಿ ಮಾಸ್ಟರ ಪ್ರತಿಗಳು. ಇನ್ನೊಂದರಲ್ಲಿ ಆಕೆಯವು. ಆಕೆಯ ‘ನ’ ಇನ್ನೂ ಅರ್ಧಕ್ಕೇ ಇದೆ. ನಾನೂ ತಿರುಗಿಸಿಲ್ಲ.

ನಾನು ‘ವ’ದಿಂದಲೇ ಮುಂದುವರಿಸಬಹುದಿತ್ತು. ‘ಅ’ದಿಂದ ಸುರು ಮಾಡಿದೆ. ಹಾಡುಗಳೆಲ್ಲ ನನಗೆ ಗೋಡೆಯ ಆಚೆಯಿಂದ ಮಾತ್ರ ಗೊತ್ತು. ಹತ್ತಿರದಿಂದ ಕೇಳಿದರೆ ಬೇರೆ ಯಾರೋ ಹಾಡಿದಂತಿತ್ತು. ಕೊನೆಗೆ ಟೇಪ್ ರೆಕಾರ್ಡರನ್ನು ಅಡುಗೆ ಕೋಣೆಯಲ್ಲಿಟ್ಟು, ಬಾಗಿಲು ಮುಚ್ಚಿ, ಈಚೆ ಚಾಪೆಯ ಮೇಲೆ ಕೂತೆ. ಆಗ ಸರಿಯಾಯಿತು. ಆ ಹಾಡು ಬಂದು, ದನಿ ಏರಿ, ಉಸಿರು ತೆಗೆದುಕೊಂಡಾಗ ಪ್ರತಿ ಸಲದ ಹಾಗೆ ನನ್ನ ಉಸಿರೂ ನಿಂತಿತು.

ಮೊದಲ ಸುತ್ತು ಮುಗಿದದ್ದು ಒಂದು ಭಾನುವಾರ. ಕೋಣೆಯನ್ನು ಗುಡಿಸಿದೆ, ಭಾನುವಾರ ಹೇಗೂ ಗುಡಿಸುತ್ತೇನೆ. ಹೊರಗೂ ಗುಡಿಸಿದೆ. ನನ್ನ ಹತ್ತಿರ ಹಿತ್ತಾಳೆಯದಿಲ್ಲ, ಸ್ಟೀಲಿನ ಚೆಂಬು. ಓಲಗ ನಡೆಯುತ್ತಿದ್ದಾಗ ಮನೆಯ ಒಡತಿ ಮೇಲಿನ ಮಹಡಿಯಿಂದ ಇಳಿದು ಬಂದರು. ಒಂಟಿಯಾಗಿರುವ ನನ್ನ ಬಾಗಿಲಿಗೆ ಯಾರೂ ಬರುವುದಿಲ್ಲವೆಂದು ಅವರಿಗೆ ಗೊತ್ತು. ನೀರು ತುಂಬಿದ ಚೆಂಬನ್ನೂ ನನ್ನನ್ನೂ ನೋಡಿದರು.

“ಯಾರೋ ನೆಂಟ್ರು ಬರ್ತವ್ರೇನಮ್ಮ?”

ಇಲ್ಲ ಎಂದು ಹೇಳಬೇಕೆಂದಿದ್ದೆ. ತಿರುವಿನ ಕಡೆ ನೋಡಿದೆ.

“ಬಸ್ಸು ತಡ ಇರಬೇಕು,” ಎಂದೆ.